ಮಾರ್ಗದ ಪುಟ, ದೇಸಿಯ ಮನೆ

ನಮ್ಮ ತಂದೆ ಮುಂಬಯಿಯ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಸಂಬಳದ ದಿನ ಫೋರ್ಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಾಡಿ ‘ಮಾರ್ಗ್’ ಪತ್ರಿಕೆಯ ಒಂದೊಂದು ಸಂಚಿಕೆ ತರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಸಂಚಿಕೆಗಳ ಟ್ರಂಕು ವಾಶಿಯ ನನ್ನ ಮನೆಗೆ ಬಂದಿದೆ.

‘ಮಾರ್ಗ್’ ಹುಟ್ಟಿದ್ದು 1946ರಲ್ಲಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ. ಮುಲ್ಕ್ ರಾಜ್ ಆನಂದ್ ಅದರ ಸಂಪಾದಕರು. ಸಿಂಹಳದ ಮಿನೆಟ್ ಡಿ ಸಿಲ್ವ, ಹಿಟ್ಲರನ ಜರ್ಮನಿಯನ್ನು ತೊರೆದು ಬಂದು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಒಟ್ಟೊ ಕೋನಿಗ್ಸ್‌ಬರ್ಗರ್ ಆರಂಭದ ಬಳಗದಲ್ಲಿದ್ದರು. ಹೊಸ ರಾಷ್ಟ್ರ ಎಂಥ ಮನೆಯಲ್ಲಿ, ಎಂಥ ಊರಿನಲ್ಲಿ ಬಾಳಬೇಕೆಂಬುದು ಅವರ ಚಿಂತೆಯಾಗಿತ್ತು. 1961ರ ಡಿಸೆಂಬರಿನಲ್ಲಿ ಚಂಡೀಗಢದ ಮೇಲೊಂದು ವಿಶೇಷ ಸಂಚಿಕೆ ಬಂತು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ ಬಂದರಿನ ಆಚೆ ದಡದಲ್ಲಿ ಹೊಸ ನಗರ ಕಟ್ಟಬೇಕೆಂದು ಅದೇ ಪತ್ರಿಕೆಯಲ್ಲಿ ಮಂಡಿಸಿದರು. ನಾನು ಬಾಳುತ್ತಿರುವ ಈ ನವಿ ಮುಂಬಯಿ ಮೊದಲು ಇದ್ದದ್ದು ಆ ಪುಟಗಳಲ್ಲಿ. ಪತ್ರಿಕೆಯ ಪುಟವೊಂದು ಊರಾಗುವುದು ಸಣ್ಣ ಮಾತಲ್ಲ.

ಆದರೆ ಟ್ರಂಕಿನ ಸಂಚಿಕೆಗಳನ್ನು ಈಗ ತಿರುವಿದಾಗ ಬೇರೊಂದು ಸಂಗತಿ ಕಾಣುತ್ತದೆ. ಒಂದೆಡೆ ಪ್ರಾಚೀನ ಗುಡಿಗಳ ಶಿಲ್ಪ, ಇನ್ನೊಂದೆಡೆ ಸಿಮೆಂಟು, ಉಕ್ಕು, ಗಾಜು. ರಾಷ್ಟ್ರಕ್ಕೆ ಭವ್ಯವಾದ ನಿನ್ನೆಯಿತ್ತು, ಬೆಳಗುವ ನಾಳೆಯಿತ್ತು. ಇವೆರಡರ ನಡುವೆ ಬಹುಪಾಲು ಜನ ಬಾಳುತ್ತಿದ್ದ ಮನೆಗೆ ಅಲ್ಲಿ ದೊರೆತ ಜಾಗ ಕಡಿಮೆ. ಮಾರ್ಗ ಮತ್ತು ದೇಸಿಯ ಜಗಳವನ್ನು ಸಾವಿರ ವರ್ಷ ಆಡಿದ ನುಡಿಯವರು ನಾವು. ಪತ್ರಿಕೆಯ ಹೆಸರಿನಲ್ಲೇ ಇದ್ದ ಸೂಚನೆಯನ್ನು ನಾನು ಗಮನಿಸಿರಲಿಲ್ಲ.

ವಿಜಾಪುರದ ಕಡೆಯ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮೊಳದಗಲದ ಗೋಡೆ, ಪಡಸಾಲೆ, ನಡುಮನೆಗೆ ಬೆಳಕಿಂಡಿ. ಒಮ್ಮೆ ರಜೆಯಲ್ಲಿ ತಂದೆ ಒಂದು ಸಂಚಿಕೆಯನ್ನು ಊರಿಗೊಯ್ದು ಆಯಿಗೆ ತೋರಿಸಿದರು. ಆಕೆ ಪುಟಗಳನ್ನು ಮೆಲ್ಲಗೆ ತಿರುವಿ, “ಇದರಾಗ ಮಂದಿನ ಇಲ್ಲಲ್ಲೋ ತಮ್ಮಾ” ಎಂದಳು. ತಂದೆ ನಕ್ಕರು. ಮರುವರ್ಷ ಮಾಳಿಗೆ ಇಳಿಸಿ, ಸಿಮೆಂಟಿನ ಸ್ಲ್ಯಾಬ್ ಹಾಕಿದ ಮನೆ ಕಟ್ಟಿಸಿದರು. ಊರಿಗೆ ಅದೇ ಮೊದಲನೆಯದು. ನಮ್ಮ ಮನೆಯೂ ದೇಶದೊಳಗೆ ಸೇರಿತೆಂದು ಅವರಿಗೆ ಅನ್ನಿಸಿರಬೇಕು. ಬೇಸಿಗೆಯಲ್ಲಿ ಆ ಸ್ಲ್ಯಾಬು ಹಂಚಿನಂತೆ ಕಾಯುತ್ತಿತ್ತು. ಆಯಿ ತನ್ನ ಕೊನೆಯ ಬೇಸಿಗೆಗಳನ್ನು ಅಂಗಳದ ಬೇವಿನ ಕೆಳಗೆ ಕಳೆದಳು.

ಕಾಲ ತಿರುಗಿತು. 1986ರಲ್ಲಿ ಕೊರಿಯಾ ಅವರೇ ‘ವಿಸ್ತಾರ’ ಎಂಬ ಪ್ರದರ್ಶನದಲ್ಲಿ ಭಾರತೀಯ ವಾಸ್ತುವಿನ ಪರಂಪರೆಯನ್ನು ಹೊಸದಾಗಿ ಅರ್ಥೈಸಲು ಹೊರಟರು. ಮಣ್ಣು, ಅಂಗಳ, ತೊಟ್ಟಿ ಎಲ್ಲವೂ ಈಗ ನುಣುಪು ಕಾಗದದ ಪತ್ರಿಕೆಗಳಲ್ಲಿ ‘ಭಾರತೀಯತೆ’. ನಾವು ಕೆಡವಿದ ಮನೆಯೇ ಅಲ್ಲಿ ಮುದ್ರಣವಾಗಿದೆ. ಜನ ಮಾತ್ರ ಈಗಲೂ ಇಲ್ಲ.

ಸ್ಲ್ಯಾಬು ಸೋರುತ್ತಿದೆಯೆಂದು ಕಳೆದ ತಿಂಗಳು ತಮ್ಮನ ಮಗ ಫೋನು ಮಾಡಿದ್ದ. ಅಂಥದೊಂದು ಪತ್ರಿಕೆಯ ಚಿತ್ರ ಕಳಿಸಿ, “ದೊಡ್ಡಪ್ಪಾ, ನಮ್ಮ ಹಳೇ ಮನಿ ಹಿಂಗ ಇತ್ತೇನು? ಅದರ ನಕ್ಷೆ ಇದ್ದರ ಕಳಸ್ರಿ” ಎಂದ. ಟ್ರಂಕನ್ನು ತಳದವರೆಗೆ ಹುಡುಕಿದೆ. ಸ್ಲ್ಯಾಬಿನ ಮನೆಯ ನಕ್ಷೆ ಮಡಿಕೆ ಮಾಸದೆ ಸಿಕ್ಕಿತು. ಬದುಕಿಡೀ ಪರರ ಮನೆಗಳ ನಕ್ಷೆ ಬರೆದ ತಂದೆ ತಾವು ಹುಟ್ಟಿದ ಮನೆಯ ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಈಗ ನೆನಪಿನಿಂದ ನಾನೇ ಎಳೆಯುತ್ತಿದ್ದೇನೆ. ಪಡಸಾಲೆಯ ಅಳತೆ ಮರೆತಿದೆ. ಆಯಿ ಬೀಸುತ್ತಿದ್ದ ಕಲ್ಲಿನ ಮೇಲೆ ಬೆಳಕಿಂಡಿಯ ಬಿಸಿಲು ಯಾವ ಹೊತ್ತಿಗೆ ಬೀಳುತ್ತಿತ್ತೆಂಬುದು ನೆನಪಿದೆ. ಅಲ್ಲಿಂದ ಆರಂಭಿಸಿದ್ದೇನೆ.