ಹೆದರಿಕೆಗೂ ಹಲವು ಬಗೆ

ನೊಬೆಲ್ ಪಡೆದ ಭೌತವಿಜ್ಞಾನಿಯ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ದೆವ್ವಕ್ಕೇನು ಕೆಲಸ? ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳಿವೆ, ವಿಜ್ಞಾನಿಗಳ ವಸತಿಗೃಹಗಳಿವೆ, ಬಾಗ್ಮನೆ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳಿವೆ. ರಾತ್ರಿಯೆಲ್ಲ ದೀಪ ಉರಿಯುವ ಇಂಥ ಕಡೆ ಪಿಶಾಚಿಗೆ ನಿಲ್ಲಲು ಒಂದು ಹುಣಸೆ ಮರದ ಕತ್ತಲೂ ಸಿಗುವುದು ಕಷ್ಟ. ಆದರೂ ಭಾನುವಾರ ಸಂಜೆ ಇಲ್ಲಿನ ಉದ್ಯಾನವೊಂದರ ಕಲ್ಲುಬೆಂಚಿನ ಮೇಲೆ ಸೇರುವ ನಾಲ್ವರು ಗೆಳೆಯರ ಮಾತು ಪರೀಕ್ಷೆ, ಕ್ರಿಕೆಟ್ ಎಲ್ಲವನ್ನೂ ಸುತ್ತಿ ಕೊನೆಗೆ ದೆವ್ವದ ಸಿನಿಮಾಕ್ಕೇ ಬಂದು ನಿಲ್ಲುತ್ತದೆ.

ಇಬ್ಬರು ಹುಡುಗರು ಪಿಯುಸಿ, ಮೂರನೆಯವನು ಎಂಜಿನಿಯರಿಂಗ್, ಹುಡುಗಿ ಬಿ.ಕಾಂ. ನಾಲ್ವರೂ 'ನನಗಂತೂ ಭಯವೇ ಆಗಲಿಲ್ಲಪ್ಪ' ಎಂದು ಮಾತು ಶುರು ಮಾಡುವವರೇ. ಭಯವೇ ಆಗದಿದ್ದ ಮೇಲೆ ಅದೇ ಸಿನಿಮಾದ ಬಗ್ಗೆ ಎರಡು ತಾಸು ಮಾತೇಕೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಎಂಜಿನಿಯರಿಂಗ್ ಹುಡುಗನಿಗೆ ಎಲ್ಲವನ್ನೂ ವಿಂಗಡಿಸುವ ಚಟ. ಬಿಳಿ ಸೀರೆ, ಕಾಲ್ಗೆಜ್ಜೆ ಕಂಡದ್ದನ್ನೆಲ್ಲ ಒಂದೇ ಮೂಟೆಗೆ ಕಟ್ಟಬಾರದು ಎಂಬುದು ಅವನ ವಾದ. ಮೊದಲನೆಯದು ಮೈಮೇಲೆ ಬರುವ ದೆವ್ವದ ಚಿತ್ರ. 1973ರ 'ದಿ ಎಕ್ಸಾರ್ಸಿಸ್ಟ್' ಅದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. ಕನ್ನಡಕ್ಕೆ ಬಂದರೆ 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ ಬರುವ ಆ ಚಿತ್ರವನ್ನು ನೋಡಿ ಮುಸುಕೆಳೆದು ಮಲಗಿದವರು ಈಗಿನ ಮಕ್ಕಳ ಅಪ್ಪ ಅಮ್ಮಂದಿರೇ. ಎರಡನೆಯದು ವಿಡಿಯೊ ಸಿಕ್ಕಿತು ಎನ್ನುವ ಬಗೆ. ಕಾಡಿಗೆ ಹೋದವರು ಮರಳಲಿಲ್ಲ, ಅವರ ಕ್ಯಾಮೆರಾ ಮಾತ್ರ ಸಿಕ್ಕಿತು ಎಂದು ನಂಬಿಸುವುದು. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಇದನ್ನು ಜನಪ್ರಿಯಗೊಳಿಸಿತು; 2013ರಲ್ಲಿ ಚಾರಣ ಹೊರಟ ಆರು ಮಂದಿಯ ಕಥೆಯಾಗಿ '6-5=2' ಕನ್ನಡದಲ್ಲೂ ಬಂತು. ಮೂರನೆಯದರಲ್ಲಿ ದೆವ್ವವೇ ಇಲ್ಲ, ಮನುಷ್ಯನೇ ಸಾಕು. ಹಿಚ್‌ಕಾಕ್‌ನ 1960ರ 'ಸೈಕೊ' ಅಂಥದ್ದು. ಅದರ ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು. ಬರ್ನಾರ್ಡ್ ಹರ್ಮನ್ ಪಿಟೀಲುಗಳನ್ನು ಚೀರಿಸಿದ ಮೇಲೆ ಮನಸ್ಸು ಬದಲಿಸಿದರು. ಟೀವಿಯ ದನಿ ಅಡಗಿಸಿ ನೋಡಿದರೆ ಅರ್ಧ ಭಯ ಇಳಿದುಹೋಗುತ್ತದೆ ಎಂಬುದು ಪಿಯುಸಿ ಹುಡುಗರು ಮನೆಯಲ್ಲೇ ಮಾಡಿ ನೋಡಿದ ಪ್ರಯೋಗ.

'ಆಪ್ತಮಿತ್ರ'ವನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬಲ್ಲಿ ಜಗಳ ಹತ್ತುತ್ತದೆ. 1993ರ ಮಲಯಾಳಂ 'ಮಣಿಚಿತ್ರತಾಳ್'ನಿಂದ 2004ರಲ್ಲಿ ಕನ್ನಡಕ್ಕೆ ಬಂದ ಈ ಚಿತ್ರದಲ್ಲಿ ಅರಮನೆ ಇದೆ, ಬೀಗ ಹಾಕಿದ ಕೋಣೆ ಇದೆ, ನಾಗವಲ್ಲಿ ಇದ್ದಾಳೆ. ಆದರೆ ಸೌಂದರ್ಯ ನಟಿಸಿದ ಗಂಗಾಳನ್ನು ಕಾಡುವುದು ಮನಸ್ಸಿನ ಕಾಯಿಲೆ ಎಂದು ಕಂಡುಹಿಡಿಯುವವನು ವಿಷ್ಣುವರ್ಧನ್ ಪಾತ್ರದ ಮನೋವೈದ್ಯ. 'ಹಾಗಾದರೆ ಅದು ದೆವ್ವದ ಸಿನಿಮಾ ಹೇಗೆ?' ಎಂದು ಒಬ್ಬ. 'ಭಯ ಆಯಿತೋ ಇಲ್ಲವೋ, ಅಷ್ಟು ಹೇಳು' ಎಂದು ಇನ್ನೊಬ್ಬ.

ಒಂದು ಭಾನುವಾರ ಈ ಜಗಳದ ನಡುವೆ ಪಿಯುಸಿಯ ಕಿರಿಯ ಹುಡುಗ ಬೇರೆಯೇ ಮಾತು ತೆಗೆದ. ಅವನ ಅತ್ತೆ ಒಂದು ವರ್ಷ ಯಾರೊಂದಿಗೂ ಮಾತಾಡದೆ ಮೂಲೆ ಹಿಡಿದಿದ್ದರು. ಊರಿನವರು ಗಾಳಿ ಸೋಕಿದೆ ಎಂದರು. ತಾಯತ ಕಟ್ಟಿಸಿದ್ದಾಯಿತು, ತೆಂಗಿನಕಾಯಿ ಇಳಿ ತೆಗೆದದ್ದಾಯಿತು. ಕೊನೆಗೆ ವೈದ್ಯರು ಖಿನ್ನತೆ ಎಂದು ಹೆಸರಿಟ್ಟು ಔಷಧ ಕೊಟ್ಟ ಮೇಲೆ ತಿಂಗಳುಗಟ್ಟಲೆ ಹಿಡಿದರೂ ಅತ್ತೆ ಅಡುಗೆಮನೆಗೆ ಬಂದು ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಬೈದರು. 'ಆ ಬೈಗುಳ ಕೇಳಿ ಅಪ್ಪ ಅತ್ತುಬಿಟ್ಟರು' ಎಂದ ಹುಡುಗ. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನಲ್ಲೂ ಎಷ್ಟು ಮನೆಗಳಲ್ಲಿ ಗಂಗಾ ಇನ್ನೂ ನಾಗವಲ್ಲಿಯಾಗಿಯೇ ಉಳಿದಿದ್ದಾಳೋ!

ವಾತಾವರಣ ತಿಳಿಯಾಗಲೆಂದು ಎಂಜಿನಿಯರಿಂಗ್ ಹುಡುಗ 'ಯು ಟರ್ನ್' ಎತ್ತಿಕೊಂಡ. ಪವನ್ ಕುಮಾರ್ ನಿರ್ದೇಶನದ 2016ರ ಈ ಚಿತ್ರ ಬೆಂಗಳೂರಿನದೇ. ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಅಡ್ಡಲಾಗಿಟ್ಟ ಕಲ್ಲನ್ನು ಸರಿಸಿ ಗಾಡಿ ತಿರುಗಿಸಿಕೊಳ್ಳುವವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪಾಳುಬಂಗಲೆ ಬೇಕಿಲ್ಲ, ನಿತ್ಯ ಓಡಾಡುವ ರಸ್ತೆಯೇ ಸಾಕು. ಸಂಚಾರಿ ಪೊಲೀಸರು ಮಾಡಲಾಗದ್ದನ್ನು ಒಂದು ದೆವ್ವ ಮಾಡಿತು ಎಂದು ಹುಡುಗರು ನಕ್ಕರು.

ಹುಡುಗಿ ನಗಲಿಲ್ಲ. 'ಆ ಸಿನಿಮಾ ಅರ್ಧಕ್ಕೇ ಎದ್ದುಬಂದೆ' ಎಂದಳು. ಅವಳಿಗೆ ಅಪ್ಪ ಇಲ್ಲವೆಂಬುದು ಗೆಳೆಯರಿಗೆ ಗೊತ್ತಿತ್ತು. ಅವಳು ಏಳನೆಯ ತರಗತಿಯಲ್ಲಿದ್ದಾಗ ಎದುರು ದಿಕ್ಕಿನಿಂದ ಬಂದ ಗಾಡಿ ಅವರ ಸ್ಕೂಟರಿಗೆ ಗುದ್ದಿತೆಂಬುದು ಗೊತ್ತಿರಲಿಲ್ಲ. 'ನನಗೆ ದೆವ್ವ ಅಂದರೆ ಭಯ ಇಲ್ಲ. ದೆವ್ವವಾಗಿಯಾದರೂ ಅಪ್ಪ ಒಂದು ಸಲ ಬರಲಿ ಅಂತ ಕಾದಿದ್ದೇನೆ. ಅಮ್ಮ ಕೆಲಸದಿಂದ ಬರೋದು ಅರ್ಧ ಗಂಟೆ ತಡ ಆಯಿತು ಅಂದುಕೊಳ್ಳಿ, ಅದು ಭಯ.'

ಯಾರೂ ಸಮಾಧಾನ ಹೇಳಲಿಲ್ಲ, ಹೇಳಲು ಬರಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಂಜಿನಿಯರಿಂಗ್ ಹುಡುಗ, ವಿಂಗಡಣೆಯಲ್ಲಿ ಅಷ್ಟು ಚುರುಕಾದವನು, ಎರಡು ವಿಷಯಗಳಲ್ಲಿ ನಪಾಸಾದದ್ದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದ. ಅಂದು ಅವನನ್ನು ಯಾರೂ ಗೇಲಿ ಮಾಡಲಿಲ್ಲ.

ತೆರೆಯ ಮೇಲಿನ ಭಯಕ್ಕೆ ಒಂದು ಗುಣವಿದೆ. ಎದೆ ಡವಡವ ಎಂದರೂ ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಇರುತ್ತದೆ, ಪಕ್ಕದಲ್ಲಿ ಗೆಳೆಯ ಇರುತ್ತಾನೆ, ಎರಡೂವರೆ ತಾಸಿಗೆ ದೀಪ ಹತ್ತುತ್ತದೆ. ಮನೆಯ ಭಯಕ್ಕೆ ಈ ಅನುಕೂಲಗಳಿಲ್ಲ. ಅದಕ್ಕೇ ಹದಿಹರೆಯದವರು ಅದರ ಬದಲು ಇದನ್ನು ಮಾತಾಡುತ್ತಾರೆ.

ಹಾಗೆಂದು ಎಲ್ಲ ಚಿತ್ರವೂ ಎಲ್ಲ ಮಕ್ಕಳಿಗಲ್ಲ. 2024ರಲ್ಲಿ ಬಂದ ನಿಯಮಗಳಂತೆ 'ಯುಎ' ಪ್ರಮಾಣಪತ್ರದಲ್ಲೇ 7, 13, 16 ವರ್ಷ ಎಂಬ ಮೂರು ಮೆಟ್ಟಿಲುಗಳಿವೆ. ಹೆತ್ತವರು ಅದನ್ನು ಗಮನಿಸುವುದು ಒಳ್ಳೆಯದು. ಆದರೆ ಟೀವಿ ಆರಿಸಿದ ಮಾತ್ರಕ್ಕೆ ಭಯ ಆರುವುದಿಲ್ಲ. ಪಕ್ಕದಲ್ಲಿ ಕುಳಿತು ಒಂದು ಚಿತ್ರ ನೋಡಿ, 'ನಿನಗೆ ಯಾವ ಕಡೆ ಭಯವಾಯಿತು?' ಎಂದು ಕೇಳಿದರೆ ಬೇರೆ ಯಾವ ಪ್ರಶ್ನೆಗೂ ಸಿಗದ ಉತ್ತರ ಸಿಕ್ಕೀತು.

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ಮನೆಯವರದೇ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. 2018ರ ಹಿಂದಿ ಚಿತ್ರ 'ಸ್ತ್ರೀ'ಯಲ್ಲೂ ಇಂಥದ್ದೇ ಗೋಡೆಬರಹವಿದೆ. ದೆವ್ವಕ್ಕೆ ಆ ಉತ್ತರ ಸರಿಯೇ. ಆದರೆ ಬಾಗಿಲು ತಟ್ಟುತ್ತಿರುವುದು ಮನೆಯ ಮಗುವೇ ಆಗಿದ್ದು, ಹೇಳಲಾಗದ ಭಯವೊಂದನ್ನು ಹೇಳಲು ಬಂದಿದ್ದರೆ? ಕೆಲಸವಿದೆ, ನಾಳೆ ಮಾತಾಡೋಣ ಎಂಬ ಬರಹವನ್ನು ಅಷ್ಟು ಹೊತ್ತಿಗಾದರೂ ಅಳಿಸಿಡಬೇಕು.