ಮಜ್ಮುವಾ ಅತ್ತರದ ಲೆಕ್ಕ

ನಮ್ಮ ಕ್ಲಾಸಿನಲ್ಲಿ ಅತ್ತರ ಎಂದರೆ ಅಜ್ಜಂದಿರ ವಸ್ತು. ಶುಕ್ರವಾರದ ನಮಾಜಿಗೆ, ಈದಿಗೆ, ಮದುವೆಗೆ ಮಾತ್ರ. ಉಳಿದ ದಿನಗಳಿಗೆ ಬಾಡಿ ಸ್ಪ್ರೇ. ಆದರೆ ನಮ್ಮ ವಯಸ್ಸಿನವರು ಮತ್ತೊಮ್ಮೆ ಮೂಸಿ ನೋಡಬೇಕಾದ ಅತ್ತರ ಒಂದಿದೆ. ಅದರ ಹೆಸರು ಮಜ್ಮುವಾ.

ಉರ್ದುವಿನಲ್ಲಿ ಮಜ್ಮುವಾ ಎಂದರೆ ಸಂಗ್ರಹ. ಕವಿತೆಗಳ ಸಂಕಲನಕ್ಕೂ ಇದೇ ಮಾತು. ಈ ಅತ್ತರದಲ್ಲಿ ಸಾಮಾನ್ಯವಾಗಿ ನಾಲ್ಕು ಕೂಡಿರುತ್ತವೆ: ಖಸ್, ಕೇವಡಾ, ಕದಂಬ ಮತ್ತು ಮಿಟ್ಟಿ. ಖಸ್ ಎಂದರೆ ಲಾವಂಚದ ಬೇರು. ಬೇಸಿಗೆಯಲ್ಲಿ ಖಸ್ ತಟ್ಟಿಗೆ ನೀರು ಚಿಮುಕಿಸಿದಾಗ ಬರುವ ತಂಪು ಅದು. ಕೇವಡಾ ಎಂದರೆ ಕೇದಗೆ. ಬಿರಿಯಾನಿಗೆ ಹಾಕುವ ಕೇವಡಾ ನೀರು ಅದರದ್ದೇ. ಕದಂಬ, ಬನವಾಸಿಯ ಅರಸುಮನೆತನದ ಹೆಸರಿನಲ್ಲಿರುವ ಮರ. ಮಿಟ್ಟಿ ಎಂದರೆ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ ತೆಗೆದ ಪರಿಮಳ. ಮೃಗಶಿರಾ ಮಳೆಯ ಮೊದಲ ಹನಿ ಬೋನಾಳದ ಹೊಲಕ್ಕೆ ಬಿದ್ದಾಗ ಏಳುವ ವಾಸನೆ ನೆನೆಸಿಕೊಳ್ಳಿ, ಅದೇ.

ಹಚ್ಚಿದ ಕೂಡಲೇ ಕೇದಗೆ ಹಸಿರಾಗಿ ಮೂಗಿಗೆ ಬಡಿಯುತ್ತದೆ. ಹತ್ತು ನಿಮಿಷದಲ್ಲಿ ಅದು ಮೆತ್ತಗಾಗಿ ಖಸ್ ಬರುತ್ತದೆ. ಸಂಜೆ ಕಾಲೇಜು ಬಿಟ್ಟು ಬಸ್ಸು ಹತ್ತುವಾಗ ಮಣ್ಣಿನ ವಾಸನೆ ಇನ್ನೂ ಅಂಗಿಯಲ್ಲಿರುತ್ತದೆ. ಸ್ಪ್ರೇಯಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲ್, ಅದು ಬೇಗ ಆರಿಹೋಗುತ್ತದೆ. ಅತ್ತರ ಎಣ್ಣೆ, ಮೈಯ ಬಿಸಿಗೆ ನಿಧಾನವಾಗಿ ಬಿಡುತ್ತದೆ.

ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ಹಳೆಯ ಪದ್ಧತಿ ಇದೆ. ತಾಮ್ರದ ದೇಗಿನಲ್ಲಿ ಹೂವು, ನೀರು ಹಾಕಿ ಕಾಯಿಸುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ಶ್ರೀಗಂಧದ ಎಣ್ಣೆ ಇರುವ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಕನೌಜು ದೂರವಾದರೂ ಸುಗಂಧದ ವಿದ್ಯೆ ನಮ್ಮ ಕಡೆಗೆ ಹೊಸದಲ್ಲ. ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ (1580–1627) ಆಳುತ್ತಿದ್ದಾಗ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧದ ಗ್ರಂಥವೇ ರಚನೆಯಾಯಿತು. ಅದೇ ವಂಶದ ಮೊದಲ ಸುಲ್ತಾನರ ಸಮಾಧಿಗಳು ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿವೆ.

ಇದನ್ನೆಲ್ಲ ನನಗೆ ತಿಳಿಯುವ ಆಸೆ ಹುಟ್ಟಿಸಿದ್ದು ನನ್ನ ಮಾಮು. ನಾನಾ ಅವರ ಅತ್ತರದ ಪೆಟ್ಟಿಗೆ ಈಗ ಅವರ ಸಣ್ಣ ಅಂಗಡಿಯಲ್ಲಿದೆ. ಗೋಗಿಯ ಉರುಸು, ತಿಂಥಣಿ ಮೌನೇಶ್ವರ ಜಾತ್ರೆ, ಎರಡಕ್ಕೂ ಆ ಪೆಟ್ಟಿಗೆ ಹೋಗಿದೆ. ಎರಡೂ ಕಡೆ ಜನ ಕೈ ಚಾಚಿ ಹಚ್ಚಿಸಿಕೊಂಡಿದ್ದಾರೆ. ಈ ವರ್ಷ ಮಾಮು, "ಬೇಟಾ, ಪೆಟ್ಟಿಗೆ ತೆಗೆದು ಆ ಜಾಗದಲ್ಲೂ ಸ್ಪ್ರೇ ಇಡೋಣ" ಎಂದರು. ಅಂಗಡಿಯ ಲೆಕ್ಕ ಬರೆಯುವವನು ನಾನು. ಪುಸ್ತಕ ನೋಡಿದರೆ ಅವರ ಮಾತು ಸುಳ್ಳಲ್ಲ. ಸ್ಪ್ರೇಗೆ 25 ರೂಪಾಯಿ ಲಾಭ, ತಿಂಗಳಿಗೆ 20 ಹೋಗುತ್ತವೆ: 500. ಮಜ್ಮುವಾದ 6 ಎಂ.ಎಲ್. ಶೀಶೆಗೆ 60 ಲಾಭ, ಆದರೆ ಹೋಗುವುದು ಮೂರೇ: 180. ಅಕೌಂಟೆನ್ಸಿ ಮೇಡಂ ಹೇಳುವ ಹಾಗೆ, ಲಾಭ ಎಷ್ಟು ಎಂಬುದರ ಜೊತೆಗೆ ಸರಕು ಎಷ್ಟು ಬಾರಿ ತಿರುಗುತ್ತದೆ ಎಂಬುದನ್ನೂ ನೋಡಬೇಕು.

ನಾನು ಗಿರಾಕಿಯ ಕಡೆಯಿಂದಲೂ ಲೆಕ್ಕ ಹಾಕಿದೆ. 220 ರೂಪಾಯಿಯ ಸ್ಪ್ರೇ ನನಗೆ 40 ದಿನ ಬರುತ್ತದೆ. ದಿನಕ್ಕೆ ಐದೂವರೆ ರೂಪಾಯಿ. 150 ರೂಪಾಯಿ ವಿದ್ಯಾರ್ಥಿಗೆ ಒಮ್ಮೆಲೇ ಭಾರ. 3 ಎಂ.ಎಲ್. ಶೀಶೆ ಮಾಡಿ 80ಕ್ಕೆ ಕೊಟ್ಟರೆ? ಅದರಲ್ಲಿ ಸುಮಾರು 60 ಹನಿ. ದಿನಕ್ಕೆ ಒಂದು ಹನಿಯಂತೆ ಎರಡು ತಿಂಗಳು. ದಿನಕ್ಕೆ ಒಂದೂವರೆ ರೂಪಾಯಿಯೂ ಇಲ್ಲ. ಮಾಮುಗೆ ಶೀಶೆಗೆ 30 ಉಳಿಯುತ್ತದೆ. ತಿಂಗಳಿಗೆ 17 ಹೋದರೆ ಪೆಟ್ಟಿಗೆ ಉಳಿಯುತ್ತದೆ. ಮಾಮು ಮುಂದಿನ ಉರುಸಿನವರೆಗೆ ಸಮಯ ಕೊಟ್ಟಿದ್ದಾರೆ. ಹೋದ ತಿಂಗಳು ಹೋದದ್ದು ಒಂಬತ್ತು.

ಇದು ಜಾಹೀರಾತಲ್ಲ, ಅಂಗಡಿಯ ಹೆಸರು ಬರೆದಿಲ್ಲ. ಸುರಪುರ, ಶಹಾಪುರ, ನಿಮ್ಮ ಊರು, ಎಲ್ಲಿ ಅತ್ತರ ಮಾರುವವರು ಸಿಗುತ್ತಾರೋ ಅಲ್ಲೇ ಕೇಳಿ. ಈ ಬೆಲೆಗೆ ಶ್ರೀಗಂಧದ ಎಣ್ಣೆಯ ಮೇಲೆ ಇಳಿಸಿದ್ದು ಸಿಗುವುದಿಲ್ಲ. ಪ್ರಾಮಾಣಿಕ ವ್ಯಾಪಾರಿ ಅದನ್ನು ತಾನೇ ಹೇಳುತ್ತಾನೆ. ಮುಚ್ಚಳ ತೆಗೆದು ಮೂಸಿ ತೀರ್ಮಾನಿಸಬೇಡಿ. ಮಣಿಕಟ್ಟಿಗೆ ಒಂದು ಹನಿ ಹಚ್ಚಿಸಿಕೊಂಡು, ಪೇಟೆ ಒಂದು ಸುತ್ತು ತಿರುಗಿ ಬಂದು, ಆಮೇಲೆ ದುಡ್ಡು ಕೊಡಿ.