ಡನ್ಲಪ್ ಸ್ಟ್ರೀಟಿನ ಅಟ್ಟ

ಡಿಸೆಂಬರಿನ ಮಾತು. ಈಶಾನ್ಯ ಮಾರುತದ ಮಳೆ ಹಿಡಿದರೆ ಸಿಂಗಪುರದಲ್ಲಿ ಹಗಲೂ ಮಬ್ಬು. ಲಿಟಲ್ ಇಂಡಿಯಾದ ಡನ್ಲಪ್ ಸ್ಟ್ರೀಟಿನಲ್ಲಿ ಹಳೆಯ ಅಂಗಡಿಮನೆಯೊಂದರ ದುರಸ್ತಿ ನಡೆದಿತ್ತು, ಮೇಲ್ವಿಚಾರಣೆ ನನ್ನದು. ಆ ಕೇರಿ 1989ರಿಂದ ಸಂರಕ್ಷಿತ ಪ್ರದೇಶ. ಮುಂಭಾಗ, ನೆರೆಮನೆಗೆ ಹೊಂದಿದ ಗೋಡೆ, ಹೆಂಚಿನ ಮಾಡು ಇವನ್ನೆಲ್ಲ ಉಳಿಸಿಕೊಳ್ಳಲೇಬೇಕು. ಜಾಗ ಬೇಕೆಂದರೆ ಮಾಡಿನಡಿಯ ಅಟ್ಟವೇ ಗತಿ.

ಅಟ್ಟದ ಗೆದ್ದಲು ತಿಂದ ನೆಲಹಲಗೆಗಳನ್ನು ಕಿತ್ತಾಗಿತ್ತು. ಉಳಿದದ್ದು ಗೋಡೆಯಿಂದ ಗೋಡೆಗೆ ಅಡ್ಡ ಹಾಯ್ದ ಜಂತೆಗಳು, ಅವುಗಳ ಅಡಿಗೆ ಮೊಳೆ ಹೊಡೆದ ತೆಳು ಮುಚ್ಚಿಗೆ. ಅದರಿಂದ ಕೆಳಗೆ ನಾಲ್ಕು ಮೀಟರ್ ಆಳ. ನಮ್ಮ ಕರಾವಳಿಯ ಹಳೆಮನೆಗಳ ಮುಚ್ಚಿಗೆಯಾದರೆ ದಪ್ಪ ಹಲಗೆಯದು, ಅಡಕೆ ಮೂಟೆ ಹೊತ್ತವರು ನಿಂತರೂ ಜಗ್ಗದು. ಇಲ್ಲಿಯದು ದೂಳು ಕೂತು ನೆಲದಂತೆ ಕಾಣುತ್ತಿತ್ತು, ಅಷ್ಟೇ. ಕಾಲಿಟ್ಟರೆ ಹೋದಂತೆಯೇ.

ಮೇಸ್ತ್ರಿ ತಂಜಾವೂರಿನ ಕಡೆಯವರು. ಜಂತೆ ಬಿಟ್ಟು ಬೇರೆಲ್ಲೂ ಹೆಜ್ಜೆ ಇಡಬೇಡಿ ಎಂದು ಎಲ್ಲರಿಗೂ ಹೇಳಿದ್ದರು. ಎತ್ತರದ ಕೆಲಸಕ್ಕೆ 2013ರ ನಿಯಮಗಳಿವೆ. ಮೂರು ಮೀಟರಿಗಿಂತ ಹೆಚ್ಚು ಆಳಕ್ಕೆ ಬೀಳುವ ಸಂಭವವಿದ್ದರೆ ಕೆಲಸಕ್ಕೆ ಮೊದಲು ಲಿಖಿತ ಪರವಾನಗಿ ಆಗಬೇಕು. ಅದು ಆಗಿತ್ತು. ಅಳತೆ ತೆಗೆಯಲು ಮೇಲೆ ಹತ್ತಿದ ಕೆಲಸದ ಹುಡುಗನ ಸೊಂಟಪಟ್ಟಿಯ ಹಗ್ಗವನ್ನು ಮಾಡಿನ ತೊಲೆಗೆ ಬಿಗಿದಿದ್ದೆವು.

ಹುಡುಗ ಮೇಸ್ತ್ರಿ ಹೇಳಿದಂತೆ ಜಂತೆಯ ಮೇಲೆಯೇ ಇದ್ದ. ಅಳತೆ ಪಟ್ಟಿ ಹಿಡಿದು ಗೋಡೆಯ ಹತ್ತಿರ ಸರಿದದ್ದೇ ತಡ, ಪುಸಕ್ಕನೆ ಮರ ಕುಸಿಯಿತು. ಮುಚ್ಚಿಗೆ ಒಡೆದು ಅವನ ಎರಡೂ ಕಾಲು ಕೆಳಗಿನ ಕೋಣೆಯಲ್ಲಿ ತೂಗಾಡಿದವು. ಹಗ್ಗ ಬಿಗಿಯಾಯಿತು, ಎದೆಯ ಮಟ್ಟಕ್ಕೆ ನಿಂತ. ನಾನು ಅವನತ್ತ ಓಡಲು ಹೊರಟೆ. ಮೇಸ್ತ್ರಿ ಗದರಿ ನಿಲ್ಲಿಸಿದರು: ಅದೇ ಜಂತೆಗೆ ಇನ್ನೊಬ್ಬರ ಭಾರ ಬೀಳಬಾರದು. ಅವರು ಉದ್ದದ ಹಲಗೆ ತಳ್ಳಿ, ಗಟ್ಟಿಯಿದ್ದ ಎರಡು ಜಂತೆಗಳ ಮೇಲೆ ಕೂರಿಸಿ, ಹೊಟ್ಟೆ ಮೇಲೆ ಮಲಗಿ ಹುಡುಗನ ತೋಳು ಹಿಡಿದೆಳೆದರು. ತೊಡೆ ತರಚಿತ್ತು, ಬೇರೇನೂ ಆಗಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ವರ್ಷಗಟ್ಟಲೆ ಗೋಡೆಗೆ ಇಳಿದ ಮಳೆನೀರನ್ನು ಇಟ್ಟಿಗೆಯೊಳಗೆ ಹುದುಗಿದ್ದ ಜಂತೆಯ ತುದಿ ಹೀರಿತ್ತು. ನಡುವೆ ಕಬ್ಬಿಣದಂಥ ಮರ, ತುದಿಯಲ್ಲಿ ಲಡ್ಡು. ಗೋಡೆಯ ಪಕ್ಕವೇ ಭದ್ರ ಎಂದು ಯಾರಿಗಾದರೂ ಅನಿಸುತ್ತದೆ, ಹುಡುಗನಿಗೂ ಅನಿಸಿತ್ತು.

ಮೇಸ್ತ್ರಿ ಅವತ್ತೇ ಸುತ್ತಿಗೆ ಹಿಡಿದು ಪ್ರತಿ ಜಂತೆಯನ್ನೂ ತುದಿಯಿಂದ ತುದಿಗೆ ಬಡಿದು ನೋಡಿದರು. ಠಣ್ ಎಂದದ್ದಕ್ಕೆ ಸೀಮೆಸುಣ್ಣದ ಗೆರೆ, ಬೊದ್ದೆಂದದ್ದಕ್ಕೆ ಕೆಂಪು ಬಣ್ಣ. ಓಡಾಡಲು ಮನೆಯ ಮುಂದಿನಿಂದ ಹಿಂದಕ್ಕೆ ಹಲಗೆ ಹಾಸಿದೆವು. ಹಲಗೆಯ ಯಾವ ತುದಿಯೂ ಜಂತೆಯಿಂದಾಚೆ ಚಾಚದಂತೆ ಮೊಳೆ ಹೊಡೆದೆವು, ಚಾಚಿದ ತುದಿ ತುಳಿದರೆ ಇನ್ನೊಂದು ತುದಿ ಎದ್ದುಬಿಡುತ್ತದೆ. ಮಾಲೀಕರಿಗೆ ಅವಸರವಿತ್ತು. ಕೆಳಗಿನಿಂದ ಆನಿಕೆ ಕಂಬ ಕೊಡುವವರೆಗೆ ಕೆಂಪು ಗುರುತಿನತ್ತ ಯಾರನ್ನೂ ಕಳಿಸೆನೆಂದು ಮೇಸ್ತ್ರಿ ಪಟ್ಟು ಹಿಡಿದರು. ನಾನೂ ಅವರ ಮಾತಿಗೇ ನಿಂತೆ. ಜಂತೆ ಬದಲಿಸುವ ಕೆಲಸ ಹೊಸ ವರ್ಷಕ್ಕೆ ಹೋಯಿತು.